ತೆರೆಯ ಮೇಲಣ ಚಿತ್ರವು ಉತ್ತಮವಾಗುವ ಬಗೆಗಳು

ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವವು ಮುಗಿದ ತರುವಾಯ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಕೆಲವರು ನನ್ನ ಕೊಠಡಿಗೆ ಬಂದು ಎರಡು ಸಂಗತಿಗಳನ್ನು ತಿಳಿಸಿದರು. ಮೊದಲನೆಯದು ಯಾವುದೆಂದರೆ, ಊರ್ಡಿಗೆರೆಯ ಈ ಶಾಲೆಯ ಸಭಾಭವನಕ್ಕೆ ತಾವೆಲ್ಲರೂ ಕೂಡಿ ಒಂದು ದೊಡ್ಡ ಟೀವಿಯನ್ನು ದಾನಮಾಡಬೇಕೆಂದಿದ್ದಾರೆ. ಅದು ಅಂಗಡಿಯಲ್ಲಿ ದೊರೆಯುವವುಗಳಲ್ಲೆಲ್ಲಾ ಮೇಲ್ತರದ್ದೆನಿಸಿದ ‘೮ಕೆ’ ಎಂಬ ಜಾತಿಯದಾಗಿರಬೇಕೆಂದು ಅವರ ಅಪೇಕ್ಷೆ. ಎರಡನೆಯದು, ಅವರಲ್ಲೊಬ್ಬಾಕೆಯ ಮನೆಯ ಪೆಟ್ಟಿಗೆಯಲ್ಲಿ ಸುಮಾರು ಮೂವತ್ತು ವರುಷಗಳ ಹಿಂದಿನ ಶಾಲಾದಿನದ ವೀಡಿಯೋ ಕ್ಯಾಸೆಟ್ಟೊಂದು ಸಿಕ್ಕಿದೆ. ನಮಗೆಲ್ಲರಿಗೂ ಪಾಠ ಹೇಳಿ ಈಗ ನಮ್ಮನ್ನಗಲಿರುವ ಹಿರಿಯ ಉಪಾಧ್ಯಾಯಿನಿಯವರು ಅದರಲ್ಲಿ ನಾಲ್ಕು ನಿಮಿಷಗಳ ಕಾಲ ಮಾತಾಡುತ್ತಾರೆ. ಆ ದಿನ ನಾನೂ ಹುಡುಗಿಯರ ಸಾಲಿನಲ್ಲಿ ನಿಂತಿದ್ದವಳೇ. ಆ ಮಸುಕಾದ ಚಿತ್ರವನ್ನು ಹೊಸ ಟೀವಿಗೆ ತಕ್ಕಂತೆ ಸ್ವಚ್ಛವಾಗಿ ಮಾಡಿಸಬೇಕೆಂಬುದು ಅವರ ಎರಡನೆಯ ಅಪೇಕ್ಷೆ.

ಪ್ರೀತಿಯಿಂದ ಕೊಡುವ ಹಣವು ವ್ಯರ್ಥವಾಗಬಾರದು. ತೀರಿಕೊಂಡವರ ಮುಖವು ಕೆಡಬಾರದು. ಈ ಎರಡು ಭಯಗಳು ನನ್ನನ್ನು ಈ ವಿಷಯದ ವ್ಯಾಸಂಗಕ್ಕೆ ಹಚ್ಚಿದವು. ನಾನು ಕಲಿತುಕೊಂಡದ್ದನ್ನು ಒಂದು ಪಾಠದ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ. ಮನೆಗೆ ಟೀವಿಯನ್ನು ಕೊಳ್ಳಬೇಕೆಂದಿರುವ ತಂದೆತಾಯಂದಿರಿಗೂ ಇದು ಉಪಯೋಗಕ್ಕೆ ಬಂದೀತು.

೧. ಪೂರ್ವಸ್ಥಿತಿ

ನಮ್ಮ ದೇಶದಲ್ಲಿ ದೂರದರ್ಶನವು ೧೯೫೯ರ ಸೆಪ್ಟೆಂಬರ್ ೧೫ರಂದು ದಿಲ್ಲಿಯಲ್ಲಿ ಆರಂಭವಾಯಿತು. ಬೆಂಗಳೂರಿನ ಕೇಂದ್ರವು ೧೯೮೧ರಲ್ಲಿ ತೆರೆಯಿತು. ಬಣ್ಣದ ಪ್ರಸಾರವು ೧೯೮೨ರಲ್ಲಿ ಬಂದಿತು. ಆ ಕಾಲದ ಚಿತ್ರವು ೬೨೫ ಅಡ್ಡಗೆರೆಗಳಿಂದಾದುದು. ಅವುಗಳಲ್ಲಿ ಕಣ್ಣಿಗೆ ಕಾಣುತ್ತಿದ್ದವು ೫೭೬. ತರುವಾಯ ಬಂದ ಹೈ ಡೆಫಿನಿಷನ್, ಅಂದರೆ ಎಚ್‌ಡಿ ಚಿತ್ರದಲ್ಲಿ ೧೦೮೦ ಸಾಲುಗಳೂ ಸಾಲೊಂದರಲ್ಲಿ ೧೯೨೦ ಚುಕ್ಕೆಗಳೂ ಇರುತ್ತವೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಇವನ್ನು ಗುಣಿಸಿದರೆ ಒಟ್ಟು ೨೦,೭೩,೬೦೦ ಚುಕ್ಕೆಗಳಾಗುತ್ತವೆ.

ಎಚ್‌ಡಿಯಿಂದ ಮುಂದಕ್ಕೆ ಹೋಗಲು ಮಾರ್ಗವು ಒಂದೇ ಎಂದು ಜನರು ತಿಳಿದಿದ್ದಾರೆ; ಹಾಗಲ್ಲ, ಮುಖ್ಯವಾದ ಮಾರ್ಗಗಳು ಐದು ಉಂಟು. ಚುಕ್ಕೆಗಳನ್ನು ಹೆಚ್ಚಿಸುವುದು, ಬೆಳಕು ನೆರಳುಗಳ ಅಂತರವನ್ನು ಹಿಗ್ಗಿಸುವುದು, ಬಣ್ಣಗಳನ್ನು ಹೆಚ್ಚಿಸುವುದು, ಚಲನೆಯನ್ನು ನಯಗೊಳಿಸುವುದು, ಚಿತ್ರವನ್ನು ಅಡಕಮಾಡಿ ಕಳುಹಿಸುವಾಗ ಆಗುವ ನಷ್ಟವನ್ನು ತಗ್ಗಿಸುವುದು. ಇವಲ್ಲದೆ ಯಂತ್ರದ ಊಹೆಯಿಂದ ಚಿತ್ರವನ್ನು ತಿದ್ದುವ ಆರನೆಯದೊಂದು ಬಗೆಯೂ ಈಚೆಗೆ ಬಂದಿದೆ. ಒಂದೊಂದನ್ನೇ ನೋಡೋಣ.

೨. ಚುಕ್ಕೆಗಳ ಸಂಖ್ಯೆ

೪ಕೆ ಎಂಬುದರಲ್ಲಿ ೩೮೪೦ಕ್ಕೆ ೨೧೬೦, ಅಂದರೆ ೮೨,೯೪,೪೦೦ ಚುಕ್ಕೆಗಳಿವೆ. ಎಚ್‌ಡಿಗೆ ಸರಿಯಾಗಿ ನಾಲ್ಕರಷ್ಟು. ೮ಕೆಯಲ್ಲಿ ೭೬೮೦ಕ್ಕೆ ೪೩೨೦, ಅಂದರೆ ೩,೩೧,೭೭,೬೦೦, ಎಚ್‌ಡಿಗೆ ಹದಿನಾರರಷ್ಟು. ಜಪಾನಿನ ಎನ್‌ಎಚ್‌ಕೆ ಸಂಸ್ಥೆಯು ೨೦೧೮ರ ಡಿಸೆಂಬರ್ ೧ರಂದು ಉಪಗ್ರಹದ ಮೂಲಕ ೮ಕೆ ಪ್ರಸಾರವನ್ನು ಆರಂಭಿಸಿತು. ಲೆಕ್ಕವನ್ನು ಕೇಳಿದರೆ ಹದಿನಾರು ಮಡಿ ಚೆಂದವಿರಬೇಕೆಂದು ತೋರುತ್ತದೆ. ಆದರೆ ನೋಡುವುದು ಲೆಕ್ಕವಲ್ಲ, ಕಣ್ಣು.

ಕಣ್ಣಿಗೆ ಒಂದು ಎಲ್ಲೆಯುಂಟು. ಒಂದು ಅಂಶದ ಅರವತ್ತರಲ್ಲೊಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಗುರುತುಗಳನ್ನು ಸಾಮಾನ್ಯ ದೃಷ್ಟಿಯು ಬೇರೆಬೇರೆಯಾಗಿ ಕಾಣಲಾರದು. ಕಣ್ಣಿನ ವೈದ್ಯರು ಗೋಡೆಗೆ ತೂಗುಹಾಕುವ ಅಕ್ಷರಗಳ ಪಟವು ಈ ಅಳತೆಯ ಮೇಲೆಯೇ ಮಾಡಲ್ಪಟ್ಟಿರುತ್ತದೆ. ಇದನ್ನು ಮನೆಯಲ್ಲಿಯೂ ಪರೀಕ್ಷಿಸಬಹುದು. ಬಿಳಿಯ ಕಾಗದದ ಮೇಲೆ ಒಂದು ಮಿಲಿಮೀಟರ್ ಅಗಲದ ಕಪ್ಪು ಗೆರೆಗಳನ್ನು, ನಡುವೆ ಅಷ್ಟೇ ಬಿಳಿಯನ್ನು ಬಿಟ್ಟು ಎಳೆಯಿರಿ. ಅದನ್ನು ಗೋಡೆಗೆ ಅಂಟಿಸಿ ಹಿಂದಕ್ಕೆ ನಡೆಯಿರಿ. ಸುಮಾರು ಹನ್ನೊಂದು ಅಡಿಯ ದೂರದಲ್ಲಿ ಗೆರೆಗಳೆಲ್ಲಾ ಕೂಡಿಕೊಂಡು ಬೂದಿಬಣ್ಣದ ಪಟ್ಟಿಯಾಗಿ ಕಾಣತೊಡಗುತ್ತವೆ. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಇದನ್ನು ಅಂಗಳದಲ್ಲಿ ಮಾಡಿನೋಡಿದರು. ತೀಕ್ಷ್ಣದೃಷ್ಟಿಯ ಒಬ್ಬಿಬ್ಬರು ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋದರು. ನಾನು ಕನ್ನಡಕವಿದ್ದೂ ಅವರಿಗಿಂತ ಮುಂದೆಯೇ ನಿಂತೆನು.

ಈಗ ಇದನ್ನು ಟೀವಿಗೆ ಅನ್ವಯಿಸೋಣ. ೪೩ ಅಂಗುಲದ ಎಚ್‌ಡಿ ಟೀವಿಯಲ್ಲಿ ಚುಕ್ಕೆಯೊಂದರ ಅಗಲವು ಸುಮಾರು ಅರ್ಧ ಮಿಲಿಮೀಟರ್. ಆದುದರಿಂದ ಐದೂವರೆ ಅಡಿಗಿಂತ ದೂರದಲ್ಲಿ ಕುಳಿತವರಿಗೆ ಅದರ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಅದೇ ಅಳತೆಯ ಟೀವಿಯನ್ನು ೪ಕೆಯದಾಗಿ ತಂದರೂ ಎಂಟು ಹತ್ತು ಅಡಿಯ ಆಚೆ ಗೋಡೆಗೊರಗಿ ಕುಳಿತು ನೋಡುವ ಮನೆಯವರಿಗೆ ಚುಕ್ಕೆಗಳ ಹೆಚ್ಚಳದಿಂದ ಆಗುವ ಲಾಭವು ಅತ್ಯಲ್ಪ. ಇನ್ನು ಸಭಾಭವನಕ್ಕೆ ೮೬ ಅಂಗುಲದ್ದನ್ನು ತಂದೆವೆನ್ನಿ. ಅಲ್ಲಿ ಎಚ್‌ಡಿಯ ಚುಕ್ಕೆಯು ಒಂದು ಮಿಲಿಮೀಟರ್. ೪ಕೆಯ ಚುಕ್ಕೆಯು ಅರ್ಧ. ಎಚ್‌ಡಿಗೂ ೪ಕೆಗೂ ಇರುವ ವ್ಯತ್ಯಾಸವು ಹನ್ನೊಂದು ಅಡಿಯೊಳಗೆ ಕುಳಿತ ಮುಂದಿನ ಸಾಲಿನ ಮಕ್ಕಳಿಗೆ ತಿಳಿದೀತು. ೪ಕೆಗೂ ೮ಕೆಗೂ ಇರುವ ವ್ಯತ್ಯಾಸವನ್ನು ಕಾಣಬೇಕಾದರೆ ಐದೂವರೆ ಅಡಿಯೊಳಗೆ ಬರಬೇಕು. ಸಭಾಭವನದಲ್ಲಿ ಅಷ್ಟು ಹತ್ತಿರ ನಾವು ಯಾರನ್ನೂ ಕೂರಿಸುವುದಿಲ್ಲ. ಮೇಲಾಗಿ ೮ಕೆಯಲ್ಲಿ ತೆಗೆದ ಚಿತ್ರಗಳು ಬಹು ವಿರಳ. ಖಾಲಿ ಕಣಜವು ಎಷ್ಟು ದೊಡ್ಡದಾದರೇನು?

೩. ಬೆಳಕೂ ನೆರಳೂ

ಹಗಲಿನಲ್ಲಿ ತರಗತಿಯ ಒಳಗೆ ನಿಂತು ಕಿಟಕಿಯ ಕಡೆಗೆ ನೋಡಿರಿ. ಒಳಗೆ ಬೆಂಚುಗಳೂ ಮಕ್ಕಳ ಮುಖಗಳೂ ಕಾಣುತ್ತವೆ. ಹೊರಗೆ ಬಿಸಿಲಿನಲ್ಲಿ ದೇವರಾಯನದುರ್ಗದ ಬಂಡೆಗಳೂ ಕಾಣುತ್ತವೆ. ಅದೇ ಸ್ಥಳದಲ್ಲಿ ಹಳೆಯ ಕ್ಯಾಮೆರಾದಿಂದ ಚಿತ್ರ ತೆಗೆದರೆ, ಮುಖಗಳು ಕಂಡಾಗ ಕಿಟಕಿಯು ಬರಿಯ ಬಿಳಿಯ ಚೌಕವಾಗುತ್ತದೆ. ಬೆಟ್ಟವು ಕಂಡಾಗ ಮಕ್ಕಳು ಕಪ್ಪು ನೆರಳುಗಳಾಗುತ್ತಾರೆ. ಕಣ್ಣು ಹಿಡಿಯಬಲ್ಲಷ್ಟು ವಿಸ್ತಾರವಾದ ಬೆಳಕಿನ ಏರಿಳಿತವನ್ನು ಚಿತ್ರವು ಹಿಡಿಯದೆ ಹೋಗುವುದೇ ಇದಕ್ಕೆ ಕಾರಣ.

ಈ ಕೊರತೆಯನ್ನು ನೀಗಿಸುವುದಕ್ಕೆ ಬಂದುದೇ ಎಚ್‌ಡಿಆರ್. ಹೆಸರು ಎಚ್‌ಡಿಯಂತೆ ಕೇಳಿಸಿದರೂ ಇದಕ್ಕೂ ಚುಕ್ಕೆಗಳ ಸಂಖ್ಯೆಗೂ ಸಂಬಂಧವಿಲ್ಲ. ಬೆಳಕಿನ ಪ್ರಮಾಣವನ್ನು ನಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಹಿಂದಿನ ಟೀವಿಯ ಚಿತ್ರಗಳನ್ನು ಸುಮಾರು ೧೦೦ ನಿಟ್‌ಗಳ ಬೆಳಕಿಗೆ ಹೊಂದಿಸಿ ಸಿದ್ಧಪಡಿಸುತ್ತಿದ್ದರು. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ ೧,೦೦೦ ನಿಟ್‌ಗಳಿಗೆ ಹೊಂದಿಸುತ್ತಾರೆ. ಅದರ ಒಂದು ಪದ್ಧತಿಯಲ್ಲಿ ೧೦,೦೦೦ ನಿಟ್‌ಗಳವರೆಗೆ ಎಡೆಯಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೨೦೧೬ರಲ್ಲಿ ಇದಕ್ಕೆ ನಿಯಮಗಳನ್ನು ಗೊತ್ತುಮಾಡಿತು. ದೀಪದ ಕುಡಿ, ನೀರಿನ ಮೇಲಣ ಬಿಸಿಲಿನ ಮಿಂಚು, ಬೆಳ್ಳಿಯ ಅಂಚು, ಇವು ನಿಜವಾಗಿ ಹೊಳೆಯುವುದು ಇದರಲ್ಲಿಯೇ. ಈ ಲಾಭವು ಹತ್ತು ಅಡಿಯಿಂದಲೂ ಕಾಣುತ್ತದೆ, ಮೂವತ್ತು ಅಡಿಯಿಂದಲೂ ಕಾಣುತ್ತದೆ. ಇದೇ ಇದರ ಹೆಚ್ಚುಗಾರಿಕೆ.

ಆದರೆ ಇಲ್ಲೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿರುವ ಮಾತ್ರಕ್ಕೆ ಆ ಟೀವಿಗೆ ಅಷ್ಟು ಬೆಳಕನ್ನು ಕೊಡುವ ಶಕ್ತಿಯಿದೆಯೆಂದು ನಂಬಬಾರದು. ಎಷ್ಟೋ ಅಗ್ಗದ ಟೀವಿಗಳು ಎಚ್‌ಡಿಆರ್ ಚಿತ್ರವನ್ನು ಅಂಗೀಕರಿಸುತ್ತವೆಯೇ ಹೊರತು ಸುಮಾರು ೩೦೦ ನಿಟ್‌ಗಳಿಗಿಂತ ಹೆಚ್ಚಾಗಿ ಬೆಳಗಲಾರವು. ಕೊಳ್ಳುವವರು ‘ಎಷ್ಟು ನಿಟ್?’ ಎಂದು ಕೇಳಬೇಕು. ನಾನು ಒಂದು ಅಂಗಡಿಯಲ್ಲಿ ಹೀಗೆ ಕೇಳಿದಾಗ ಮಾರುವ ಹುಡುಗನು, “ಮೇಡಂ, ಇದುವರೆಗೆ ಯಾರೂ ಇದನ್ನು ಕೇಳಲಿಲ್ಲ” ಎಂದನು.

೪. ಬಣ್ಣಗಳು

ತುಮಕೂರಿಗೆ ಸಮೀಪದ ಕೈದಾಳವು ಜಕಣಾಚಾರಿಯ ಊರೆಂದು ನಮ್ಮ ಸೀಮೆಯವರೆಲ್ಲಾ ಹೇಳಿಕೊಳ್ಳುತ್ತಾರೆ. ಕನ್ನಡದಲ್ಲಿ ಪೂರ್ಣವಾಗಿ ಬಣ್ಣದಲ್ಲಿ ತಯಾರಾದ ಮೊದಲನೆಯ ಕಥಾಚಿತ್ರವು ಆತನನ್ನು ಕುರಿತದ್ದೇ. ೧೯೬೪ರ ‘ಅಮರಶಿಲ್ಪಿ ಜಕಣಾಚಾರಿ’. ಅಂದಿನಿಂದ ಬಣ್ಣವು ಸಾಮಾನ್ಯವಾಯಿತು. ಆದರೂ ಟೀವಿಯು ಎಲ್ಲಾ ಬಣ್ಣಗಳನ್ನೂ ತೋರಿಸುತ್ತದೆಂದು ತಿಳಿಯಬಾರದು. ಕಣ್ಣಿಗೆ ಕಾಣುವ ವರ್ಣಗಳನ್ನೆಲ್ಲಾ ೧೯೩೧ರಲ್ಲಿ ವಿಜ್ಞಾನಿಗಳು ಒಂದು ನಕ್ಷೆಯಲ್ಲಿ ಬರೆದಿಟ್ಟರು. ಎಚ್‌ಡಿಯ ನಿಯಮದಲ್ಲಿ ಆ ನಕ್ಷೆಯ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರವೇ ಅಡಗುತ್ತದೆ. ೨೦೧೨ರಲ್ಲಿ ಹೊರಟ ಹೊಸ ನಿಯಮದಲ್ಲಿ ಸುಮಾರು ಮುಕ್ಕಾಲು ಭಾಗವು ಅಡಗುತ್ತದೆ. ಅದನ್ನು ಸಂಪೂರ್ಣವಾಗಿ ತೋರಿಸುವ ಟೀವಿಯು ಮನೆಗಳಲ್ಲಿ ಬಹು ವಿರಳ. ನವಿಲುಕತ್ತಿನ ಬಣ್ಣದ ರೇಷ್ಮೆಸೀರೆಯು ಟೀವಿಯಲ್ಲಿ ಏಕೆ ಸಪ್ಪೆಯಾಗಿ ಕಾಣುತ್ತದೆಂಬುದು ಇದರಿಂದ ತಿಳಿಯುತ್ತದೆ.

ಬಣ್ಣದ ಮೆಟ್ಟಿಲುಗಳೆಂಬ ಇನ್ನೊಂದು ಸಂಗತಿಯುಂಟು. ಹಳೆಯ ಕ್ರಮದಲ್ಲಿ ಕೆಂಪು, ಹಸುರು, ನೀಲಿ ಒಂದೊಂದಕ್ಕೂ ೨೫೬ ಮೆಟ್ಟಿಲುಗಳು. ಹೊಸ ಕ್ರಮದಲ್ಲಿ ೧,೦೨೪. ಮೆಟ್ಟಿಲುಗಳು ಸಾಲದಿದ್ದರೆ ಸಂಜೆಯ ಬಾನು ನುಣ್ಪಾಗಿ ಇಳಿಯದೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬಣ್ಣದ ಈ ಸುಧಾರಣೆಯು ಎಚ್‌ಡಿಆರ್‌ನೊಡನೆಯೇ ಬರುವುದರಿಂದ ಇವೆರಡನ್ನೂ ಒಂದೇ ಲಾಭವೆಂದು ಎಣಿಸಬಹುದು.

೫. ಚಲನೆ

ಮಾತಿನ ಚಿತ್ರಗಳು ಬಂದ ಕಾಲದಿಂದ ಸಿನಿಮಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು. ನಮ್ಮ ಟೀವಿಯಲ್ಲಿ ೨೫. ಮೂಡಲಪಾಯದ ವೇಷಧಾರಿಯು ಗಿರಕಿ ಹೊಡೆಯುವಾಗಲೂ, ನಮ್ಮ ಮಕ್ಕಳು ಥ್ರೋಬಾಲ್ ಎಸೆಯುವಾಗಲೂ ಚಿತ್ರವು ಕಲಸಿಹೋಗುವುದು ಇದರಿಂದಲೇ. ಸೆಕೆಂಡಿಗೆ ೫೦ ಅಥವಾ ೬೦ ಚಿತ್ರಗಳನ್ನು ತೆಗೆದರೆ ಆಟಪಾಟಗಳು ಸ್ಪಷ್ಟವಾಗುತ್ತವೆ. ಕಥಾಚಿತ್ರಕ್ಕೆ ಮಾತ್ರ ಇದು ಎಲ್ಲರಿಗೂ ಒಗ್ಗಲಿಲ್ಲ. ೨೦೧೨ರಲ್ಲಿ ‘ದಿ ಹಾಬಿಟ್’ ಎಂಬ ಇಂಗ್ಲಿಷ್ ಚಿತ್ರವನ್ನು ೪೮ ಚಿತ್ರಗಳ ವೇಗದಲ್ಲಿ ತೋರಿಸಿದಾಗ, ಕಥೆಯನ್ನು ನೋಡಿದಂತಿಲ್ಲ, ರಂಗದ ಮೇಲಣ ಬಣ್ಣ ಬಳಿದ ಪರದೆಗಳನ್ನು ನೋಡಿದಂತಿದೆ ಎಂದು ಅನೇಕರು ದೂರಿದರು.

ಈಗಿನ ಟೀವಿಗಳಲ್ಲಿ ಎರಡು ಚಿತ್ರಗಳ ನಡುವೆ ಯಂತ್ರವೇ ಒಂದನ್ನು ಕಲ್ಪಿಸಿ ಸೇರಿಸುವ ಏರ್ಪಾಡು ಇರುತ್ತದೆ. ಅದು ಕಲ್ಪಿತವಾದುದರಿಂದ ಕೆಲವು ವೇಳೆ ಚೆಂಡು ನಡುದಾರಿಯಲ್ಲಿ ಮಾಯವಾಗುವುದುಂಟು. ಕಥಾಚಿತ್ರವನ್ನು ನೋಡುವಾಗ ಅದನ್ನು ನಿಲ್ಲಿಸಿಬಿಡುವುದು ಲೇಸು. ಇದಕ್ಕೆ ಖರ್ಚೇನೂ ಇಲ್ಲ.

೬. ಅಡಕಮಾಡುವಿಕೆ

ಇದು ಅಂಗಡಿಯಲ್ಲಿ ಯಾರೂ ಹೇಳದ ಮಾತು. ಆದರೆ ಮನೆಗಳಲ್ಲಿ ಕಾಣುವ ಕೆಟ್ಟ ಚಿತ್ರಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎಚ್‌ಡಿ ಚಿತ್ರವೊಂದನ್ನು ಇದ್ದದ್ದು ಇದ್ದಹಾಗೆ ಕಳುಹಿಸಬೇಕಾದರೆ, ಚುಕ್ಕೆಗೆ ೨೪ ಬಿಟ್‌ಗಳಂತೆ, ಸೆಕೆಂಡಿಗೆ ೨೫ ಚಿತ್ರಗಳಂತೆ, ಸೆಕೆಂಡೊಂದಕ್ಕೆ ೧೨೪ ಕೋಟಿ ಬಿಟ್‌ಗಳು ಬೇಕು. ಇಂಟರ್‌ನೆಟ್ಟಿನಿಂದ ನಮಗೆ ಬಂದು ಮುಟ್ಟುವುದು ಸುಮಾರು ೫೦ ಲಕ್ಷ. ಅಂದರೆ ಇನ್ನೂರೈವತ್ತರಲ್ಲಿ ಒಂದು ಪಾಲು!

ಇದು ಹೇಗೆ ಸಾಧ್ಯವೆಂದರೆ, ಹಾಜರಿ ಪುಸ್ತಕದಲ್ಲಿ ಉಪಾಧ್ಯಾಯಿನಿಯು ‘ಮೇಲಿನಂತೆ’ ಎಂದು ಬರೆಯುವ ಹಾಗೆ, ಯಂತ್ರವು ಬದಲಾಗದ ಭಾಗವನ್ನು ಮತ್ತೆ ಮತ್ತೆ ಕಳುಹಿಸದೆ ಬದಲಾದುದನ್ನು ಮಾತ್ರ ಕಳುಹಿಸುತ್ತದೆ. ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಸುಮ್ಮನೆ ಕುಳಿತು ವಾರ್ತೆ ಓದುವವರ ಚಿತ್ರವು ಇದರಿಂದ ಕೆಡುವುದಿಲ್ಲ. ಮಳೆ ಸುರಿಯುವಾಗ, ಗಾಳಿಗೆ ರಾಗಿಯ ಹೊಲವು ತೂಗುವಾಗ ಎಲ್ಲವೂ ಬದಲಾಗುವುದರಿಂದ ಪಾಲು ಸಾಲದೆ ಚಿತ್ರವು ಚೌಕಚೌಕವಾಗಿ ಒಡೆಯುತ್ತದೆ. ೨೦೦೩ರ ಎಚ್.೨೬೪ ಎಂಬ ಪದ್ಧತಿಗಿಂತ ೨೦೧೩ರ ಎಚ್‌ಇವಿಸಿ ಪದ್ಧತಿಯು ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿಯೇ ಅಷ್ಟೇ ಗುಣವನ್ನು ಕೊಡುತ್ತದೆ. ಆದಕಾರಣ ಧಾರಾಳವಾದ ಪಾಲು ದೊರೆತ ಎಚ್‌ಡಿ ಚಿತ್ರವು ಪಾಲು ಸಾಲದ ೪ಕೆ ಚಿತ್ರಕ್ಕಿಂತ ಮೇಲು. ಮೊದಲು ಇಂಟರ್‌ನೆಟ್ಟನ್ನು ಸರಿಪಡಿಸಿ, ಆಮೇಲೆ ಟೀವಿಯ ಮಾತನ್ನೆತ್ತಬೇಕು.

೭. ಯಂತ್ರದ ಊಹೆ

ಇನ್ನು ಕ್ಯಾಸೆಟ್ಟಿನ ವಿಚಾರಕ್ಕೆ ಬರುತ್ತೇನೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ಸುಮಾರು ೨೪೦ ಗುರುತುಗಳಷ್ಟೇ ಬೇರೆಬೇರೆಯಾಗಿ ಕಾಣುತ್ತವೆ. ಬಣ್ಣದ ವಿವರವು ಇನ್ನೂ ಕಡಿಮೆ. ಇದನ್ನು ೪ಕೆ ಮಾಡಿಕೊಡುತ್ತೇವೆಂದು ಹೇಳುವವರಿದ್ದಾರೆ. ಕೃತಕ ಬುದ್ಧಿಯ ಯಂತ್ರವು ಲಕ್ಷಾಂತರ ಚಿತ್ರಗಳನ್ನು ನೋಡಿ, ಇಂಥ ಮಸುಕಿನ ಹಿಂದೆ ಇಂಥ ಮುಖವಿರಬಹುದೆಂದು ಊಹಿಸಿ ತುಂಬುತ್ತದೆ. ನಾವು ಕ್ಯಾಸೆಟ್ಟಿನ ಒಂದು ನಿಮಿಷವನ್ನು ಪರೀಕ್ಷಾರ್ಥವಾಗಿ ಹಾಗೆ ಮಾಡಿಸಿದೆವು. ಚಿತ್ರವು ಬೆರಗಾಗುವಷ್ಟು ಸ್ವಚ್ಛವಾಗಿ ಬಂದಿತು. ಹುಡುಗಿಯರು ಕೈತಟ್ಟಿದರು. ಆದರೆ ಆ ಉಪಾಧ್ಯಾಯಿನಿಯವರ ಜೊತೆಯಲ್ಲಿ ಇಪ್ಪತ್ತು ವರುಷ ಕೆಲಸ ಮಾಡಿದ ನಮ್ಮ ನಿವೃತ್ತ ಹೊಲಿಗೆ ಟೀಚರಮ್ಮನವರು ಎರಡು ಗಳಿಗೆ ನೋಡಿ, “ಇವರು ಯಾರಮ್ಮಾ?” ಎಂದು ಕೇಳಿದರು.

ಆಗ ನಾನು ಹತ್ತಿರ ಹೋಗಿ ನೋಡಿದೆನು. ತುಟಿಯ ಮೇಲಿದ್ದ ಮಚ್ಚೆಯನ್ನು ಯಂತ್ರವು ಕ್ಯಾಸೆಟ್ಟಿನ ಕೊಳೆಯೆಂದೆಣಿಸಿ ಅಳಿಸಿತ್ತು. ಎಡಗಣ್ಣಿನ ಬಳಿಯ ಸುಕ್ಕುಗಳಿರಲಿಲ್ಲ. ಹಲ್ಲುಗಳು ಸಾಲಾಗಿದ್ದವು. ಚೆಲುವಾದ ಒಬ್ಬ ಅಪರಿಚಿತೆಯು ನಮ್ಮ ಅಮ್ಮನವರ ಸೀರೆಯನ್ನುಟ್ಟು ನಮ್ಮ ಶಾಲೆಯ ವೇದಿಕೆಯ ಮೇಲೆ ನಿಂತು ಮಾತಾಡುತ್ತಿದ್ದಳು. ಜಕಣಾಚಾರಿಯ ಐತಿಹ್ಯದಲ್ಲಿ, ಬೇಲೂರಿನ ಸುಂದರ ವಿಗ್ರಹದ ಹೊಟ್ಟೆಯೊಳಗೆ ಕಪ್ಪೆಯಿತ್ತೆಂದು ಕೇಳಿದ್ದೇವಷ್ಟೆ. ಹೊರಗಣ ನುಣುಪು ಒಳಗಣ ದೋಷವನ್ನು ಮುಚ್ಚಿತ್ತು. ಆ ಕಥೆಯು ನನ್ನ ನೆನಪಿಗೆ ಬಂದಿತು.

೮. ಘಟಶ್ರಾದ್ಧದಿಂದ ಕಲಿಯತಕ್ಕ ಪಾಠ

ಹಾಗಾದರೆ ಹಳೆಯ ಚಿತ್ರವನ್ನು ಉತ್ತಮಪಡಿಸಲೇಬಾರದೋ? ಉತ್ತಮಪಡಿಸಬಹುದು, ಅದಕ್ಕೆ ಸರಿಯಾದ ದಾರಿಯುಂಟು. ಶ್ರೀ ಗಿರೀಶ್ ಕಾಸರವಳ್ಳಿಯವರು ಶ್ರೀ ಯು. ಆರ್. ಅನಂತಮೂರ್ತಿಯವರ ಕಥೆಯಿಂದ ೧೯೭೭ರಲ್ಲಿ ‘ಘಟಶ್ರಾದ್ಧ’ವೆಂಬ ಕಪ್ಪುಬಿಳುಪಿನ ಚಿತ್ರವನ್ನು ತೆಗೆದರು. ಛಾಯಾಗ್ರಹಣವು ಎಸ್. ರಾಮಚಂದ್ರರದು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲವು ದೊರೆಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದ ಸಂಸ್ಥೆಗಳು ಕೂಡಿ ಅದನ್ನು ೪ಕೆಯಲ್ಲಿ ಪುನರುದ್ಧಾರ ಮಾಡಿದವು; ೨೦೨೪ರಲ್ಲಿ ಇಟಲಿಯ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದನ್ನು ತೋರಿಸಲಾಯಿತು.

ಇಲ್ಲಿ ೪ಕೆಯು ಏಕೆ ಸಾರ್ಥಕವಾಯಿತೆಂದರೆ, ೩೫ ಮಿಲಿಮೀಟರ್ ಫಿಲ್ಮಿನ ಮೂಲ ನೆಗೆಟಿವ್‌ನಲ್ಲಿ ಅಷ್ಟು ವಿವರವು ಮೊದಲಿನಿಂದಲೂ ಇರುತ್ತದೆ. ಪುನರುದ್ಧಾರ ಮಾಡುವವರು ಧೂಳನ್ನೂ ಗೀರುಗಳನ್ನೂ ಬೆಳಕಿನ ಮಿಣುಕನ್ನೂ ತೆಗೆಯುತ್ತಾರೆ, ಫಿಲ್ಮಿನ ಸಹಜವಾದ ಕಣಗಳನ್ನು ಉಳಿಸುತ್ತಾರೆ, ಇಲ್ಲದುದನ್ನು ಸೇರಿಸುವುದಿಲ್ಲ. ಇದಕ್ಕೆ ಹೋಲಿಸತಕ್ಕದ್ದು ಬಣ್ಣ ಹಚ್ಚುವ ಕ್ರಮ. ೧೯೬೫ರ ‘ಸತ್ಯ ಹರಿಶ್ಚಂದ್ರ’ವು ೨೦೦೮ರಲ್ಲಿಯೂ, ೧೯೭೧ರ ‘ಕಸ್ತೂರಿ ನಿವಾಸ’ವು ೨೦೧೪ರಲ್ಲಿಯೂ ಬಣ್ಣದಲ್ಲಿ ಮತ್ತೆ ತೆರೆಗೆ ಬಂದವು. ಹೊಸ ಪೀಳಿಗೆಯವರು ಅವನ್ನು ನೋಡುವಂತಾದುದು ಸಂತೋಷವೇ. ಆದರೆ ಆ ಸೀರೆಯು ಕೆಂಪೋ ಹಸುರೋ ಎಂಬುದನ್ನು ಆರಿಸಿದವರು ನಂತರದ ಕಾಲದವರು. ಮೊದಲನೆಯದು ತೊಳೆಯುವುದು, ಎರಡನೆಯದು ಬಳಿಯುವುದು. ಎರಡನ್ನೂ ಮಾಡಬಹುದು, ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯಬಾರದು.

೯. ತೀರ್ಮಾನ

ಇವುಗಳನ್ನೆಲ್ಲಾ ತೂಗಿನೋಡಲಾಗಿ, ಎಚ್‌ಡಿಯಿಂದ ಮುಂದಕ್ಕೆ ಹೋಗುವವರು ಮೊದಲು ಚಿತ್ರವು ಬಂದು ಮುಟ್ಟುವ ದಾರಿಯನ್ನು ಸರಿಪಡಿಸಬೇಕು. ಎರಡನೆಯದಾಗಿ ಬೆಳಕು ಬಣ್ಣಗಳಿಗೆ ಗಮನ ಕೊಡಬೇಕು. ಮೂರನೆಯದಾಗಿ, ಆಟೋಟಗಳನ್ನು ನೋಡುವವರಾದರೆ, ಚಲನೆಗೆ. ಚುಕ್ಕೆಗಳ ಸಂಖ್ಯೆಗೆ ಕೊನೆಯ ಸ್ಥಾನ. ಹಣದ ಆಸೆಯಿಂದ ಅಂಗಡಿಯವರು ಸಾರುವ ಕ್ರಮವು ಇದಕ್ಕೆ ತಲೆಕೆಳಗಾಗಿದೆ.

ಆದುದರಿಂದ ದಾನಿಗಳ ಒಪ್ಪಿಗೆಯನ್ನು ಪಡೆದು ೮ಕೆಯ ಯೋಚನೆಯನ್ನು ಬಿಟ್ಟೆವು. ಚೆನ್ನಾಗಿ ಬೆಳಗುವ ೪ಕೆ ಟೀವಿಯೊಂದನ್ನು ಕೊಳ್ಳುವುದೆಂದೂ, ಉಳಿಯುವ ಹಣದಿಂದ ಸಭಾಭವನದ ಕಿಟಕಿಗಳಿಗೆ ದಟ್ಟವಾದ ಪರದೆಗಳನ್ನೂ ಹಿಂದಿನ ಸಾಲಿಗೂ ಮಾತು ಸ್ಪಷ್ಟವಾಗಿ ಕೇಳಿಸುವ ಧ್ವನಿಪೆಟ್ಟಿಗೆಗಳನ್ನೂ ಮಾಡಿಸುವುದೆಂದೂ ನಿಶ್ಚಯಿಸಿದೆವು. ಕ್ಯಾಸೆಟ್ಟನ್ನು ಒಳ್ಳೆಯ ಯಂತ್ರದಲ್ಲಿ ಓಡಿಸಿ, ಇದ್ದದ್ದು ಇದ್ದಹಾಗೆ ಡಿಜಿಟಲ್ ಪ್ರತಿಯಾಗಿ ಇಳಿಸಿಕೊಂಡು, ಸದ್ದಿನ ಗೊರಗೊರವನ್ನು ಮಾತ್ರ ತಗ್ಗಿಸಿದ್ದೇವೆ. ಮೂಲವನ್ನು ತೇವ ತಾಗದಂತೆ ಬೀರುವಿನಲ್ಲಿಟ್ಟಿದ್ದೇವೆ. ನಿಮ್ಮ ಮನೆಗಳಲ್ಲಿ ಇಂಥ ಕ್ಯಾಸೆಟ್ಟುಗಳಿದ್ದರೆ ತಡಮಾಡಬೇಡಿರಿ. ಅವುಗಳ ಲೇಪಕ್ಕೆ ಬೂಷ್ಟು ಹಿಡಿಯುತ್ತದೆ, ಓಡಿಸುವ ಯಂತ್ರಗಳೂ ವಿರಳವಾಗುತ್ತಿವೆ.

ಈ ವರ್ಷದ ಸಮಾವೇಶದಲ್ಲಿ ಆ ನಾಲ್ಕು ನಿಮಿಷಗಳನ್ನು ಎಲ್ಲರಿಗೂ ತೋರಿಸುವೆವು. ಚಿತ್ರವು ಮಸುಕಾಗಿಯೇ ಇದೆ. ಅಲ್ಲಲ್ಲಿ ಗೆರೆಗಳು ಓಡುತ್ತವೆ. ಆದರೆ ಮಚ್ಚೆಯಿದೆ, ಮಾತಿನ ನಡುವೆ ಸೆರಗನ್ನು ಸರಿಪಡಿಸಿಕೊಳ್ಳುವ ಆ ಕೈಯಿದೆ. ಅವರು ಯಾರೆಂದು ಯಾರೂ ಕೇಳಲಾರರು.

ಮನೆಯಲ್ಲಿ ಮಾಡಿನೋಡತಕ್ಕವು

(೧) ಮೇಲೆ ಹೇಳಿದ ಗೆರೆಗಳ ಕಾಗದವನ್ನು ಮಾಡಿ, ಮನೆಯವರೆಲ್ಲರ ದೂರವನ್ನು ಅಳೆದು ಬರೆಯಿರಿ. ಎಲ್ಲರಿಗಿಂತ ಬಹಳ ಮುಂದೆ ನಿಲ್ಲಬೇಕಾದವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.
(೨) ನಿಮ್ಮ ಟೀವಿಗೂ ನೀವು ಕುಳಿತುಕೊಳ್ಳುವ ಸ್ಥಳಕ್ಕೂ ಎಷ್ಟು ಅಡಿ ದೂರವಿದೆ? ಆ ದೂರದಲ್ಲಿ ೪ಕೆಯಿಂದ ಲಾಭವುಂಟೋ?
(೩) ಮಳೆಯ ದೃಶ್ಯವನ್ನೂ ವಾರ್ತೆಯನ್ನೂ ಹೋಲಿಸಿ ನೋಡಿ, ಚೌಕಗಳು ಎಲ್ಲಿ ಹುಟ್ಟುತ್ತವೆಂಬುದನ್ನು ಗುರುತಿಸಿರಿ.
(೪) ತೊಳೆಯುವುದಕ್ಕೂ ಬಳಿಯುವುದಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಒಂದು ಹಳೆಯ ಭಾವಚಿತ್ರದ ದೃಷ್ಟಾಂತದಿಂದ ಮಕ್ಕಳಿಗೆ ವಿವರಿಸಿರಿ.